ಆ್ಯಸಿಡ್ ಹಾಕಿದ ಮೇಲೆ ಕಂಡ ನಂಬರು ನನ್ನ ತಮ್ಮನಿಗೆ ಮೊದಲೇ ಕಾಣಬೇಕಿತ್ತಾ?

ಸಾರಿಗೆ ಇಲಾಖೆ ಮತ್ತು ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಹಾಗೂ ನಮ್ಮ ಮಂಗಳೂರಿನವರಿಗೆ,

ನಮಸ್ಕಾರ.

ನಾನು ಕಾವೂರಿನಲ್ಲಿ ಬಟ್ಟೆ ಹೊಲಿಯುವವಳು. ಪತ್ರ ಬರೆದು ಅಭ್ಯಾಸ ಇಲ್ಲ. ಆದರೂ ಈ ಪತ್ರವನ್ನು ಒಂದು ವರ್ಷದಿಂದ ಮಿಷಿನ್ ಮುಂದೆ ಕೂತು ಮನಸ್ಸಿನಲ್ಲೇ ಬರೆಯುತ್ತಾ ಇದ್ದೆ. ಕಳೆದ ವಾರ ಬ್ಲೌಸ್ ಹೊಲಿಸಲು ಹೊಸದಾಗಿ ಬಂದ ಒಬ್ಬರು ಅಳತೆ ಕೊಡುತ್ತಾ, "ನೀವು ಆ ಕಾರು ಕಳ್ಳನ ಅಕ್ಕ ಅಲ್ವಾ?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಇಂಥವರ ಮಗಳು, ಇಂಥವರ ಸೊಸೆ ಅಂತ ಗುರುತು ಹಿಡಿಯುತ್ತೇವಲ್ಲ, ಹಾಗೆ ಕೇಳಿದ್ದು. ಅದಕ್ಕೇ ಜಾಸ್ತಿ ನೋವಾಯಿತು. ಅವತ್ತು ರಾತ್ರಿ ಬರೆಯಲು ಕೂತೆ.

ಮೊದಲಿಗೆ ಒಂದು ಮಾತು. ಇದು ನ್ಯಾಯಾಧೀಶರಿಗೆ ಬರೆದ ಪತ್ರ ಅಲ್ಲ. ಕದ್ದ ಕಾರು ಇಟ್ಟುಕೊಂಡ ಅಂತ ಶಿಕ್ಷೆಯಾದ ನನ್ನ ತಮ್ಮನ ಅಪೀಲು ಸೆಷನ್ಸ್ ಕೋರ್ಟಿನಲ್ಲಿ ಉಂಟು. ಅಲ್ಲಿ ಹೇಳಬೇಕಾದ್ದನ್ನು ನಮ್ಮ ವಕೀಲರು ಹೇಳುತ್ತಾರೆ. ಕೋರ್ಟಿನ ಮೇಲೆ ನನಗೆ ಗೌರವ ಇದೆ, ನಂಬಿಕೆಯೂ ಇದೆ, ಅದಿಲ್ಲದಿದ್ದರೆ ಅಪೀಲು ಯಾಕೆ ಹಾಕುತ್ತಿದ್ದೆವು. ನಾನು ಬರೆಯುತ್ತಿರುವುದು ಕೋರ್ಟಿನ ಹೊರಗೆ ಇರುವವರಿಗೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಬಡವನಿಗೆ ಅದು ಕದ್ದ ಕಾರು ಅಂತ ಗೊತ್ತಾಗುವ ದಾರಿಯನ್ನು ಯಾರೂ ಮಾಡಿಕೊಟ್ಟಿಲ್ಲ. ಆಮೇಲೆ ಮಾತ್ರ "ನಿನಗೆ ಗೊತ್ತಿತ್ತು" ಅಂತ ಹೇಳುತ್ತೀರಿ. ನನ್ನ ಸಂಕಟ ಇದೇ.

ಏನಾಯಿತು ಅಂತ ಹೇಳುತ್ತೇನೆ.

ತಮ್ಮ ಎಸಿ ಮೆಕ್ಯಾನಿಕ್. 2019ರ ಫೆಬ್ರವರಿಯಲ್ಲಿ ಒಬ್ಬ ಬ್ರೋಕರ್ ಮೂಲಕ ಒಂದು ಹಳೇ ಕಾರು ತಗೊಂಡ. ಬೈಕಿನಲ್ಲಿ ಗ್ಯಾಸ್ ಸಿಲಿಂಡರ್, ಏಣಿ ಕಟ್ಟಿಕೊಂಡು ಸುರತ್ಕಲ್‌ನಿಂದ ಉಳ್ಳಾಲದವರೆಗೆ ತಿರುಗಿ ಸಾಕಾಗಿತ್ತು. ಅಮ್ಮನಿಗೆ ಮಂಡಿನೋವು, ಬಸ್ಸು ಹತ್ತಲು ಆಗುತ್ತಿರಲಿಲ್ಲ. ಮೂರು ಲಕ್ಷಕ್ಕೆ ಮಾತಾಯಿತು. 1,80,000 ರೂಪಾಯಿ ಬ್ಯಾಂಕಿನಿಂದ ಬ್ರೋಕರನ ಖಾತೆಗೆ ಹಾಕಿದ. ಉಳಿದದ್ದು ಕ್ಯಾಶ್, ಅದರಲ್ಲಿ ನನ್ನ ಒಂದು ಬಳೆಯೂ ಉಂಟು. ಛಾಪಾ ಕಾಗದದಲ್ಲಿ ಅಗ್ರಿಮೆಂಟ್ ಆಯಿತು. ಗಾಡಿಯ ಹೆಸರು ಬದಲಾಯಿಸುವ ಫಾರ್ಮ್ 29, ಫಾರ್ಮ್ 30, ಎರಡರಲ್ಲೂ ಮಾರಿದವರ ಸಹಿ ಇತ್ತು. ಆರ್‌ಸಿ ಕಾರ್ಡು ಇತ್ತು. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಕರ್ನಾಟಕದ್ದೇ ನಂಬರ್, ಬೇರೆ ಜಿಲ್ಲೆಯದ್ದು.

ತಮ್ಮ ಸುಮ್ನೆ ನಂಬಿ ಕೊಂಡವನಲ್ಲ. ಗಾಡಿ ನಂಬರ್ ಹಾಕಿ ಸರ್ಕಾರದ ವಾಹನ ಮಾಹಿತಿ ಸೇವೆಗೆ ಎಸ್‌ಎಂಎಸ್ ಕಳಿಸಿದ. ಅದೇ ಮಾಡೆಲ್, ಅದೇ ಬಿಳಿ ಬಣ್ಣ, ಅದೇ ವರ್ಷ ಅಂತ ಉತ್ತರ ಬಂತು. ಗೊತ್ತಿದ್ದ ಗ್ಯಾರೇಜಿನವರನ್ನು ಕರೆದುಕೊಂಡು ಹೋಗಿ ಬಾನೆಟ್ ಎತ್ತಿಸಿ ನೋಡಿದ. ಅವರು ಕಾರಿನ ಬಾಡಿಯಲ್ಲಿ ಹೊಡೆದಿರುವ ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದರು. ಆರ್‌ಸಿಯಲ್ಲಿ ಇದ್ದ 17 ಅಕ್ಷರಗಳೂ ಅಂಕೆಗಳೂ ಒಂದೂ ಬಿಡದೆ ತಾಳೆಯಾದವು. ಇದಕ್ಕಿಂತ ಜಾಸ್ತಿ ನಾನಾಗಲಿ ನೀವಾಗಲಿ ಏನು ನೋಡುತ್ತೇವೆ ಹೇಳಿ?

ಜುಲೈ ತಿಂಗಳಲ್ಲಿ, ಜೋರು ಮಳೆಯ ಒಂದು ದಿನ, ಪೊಲೀಸರು ಮನೆಗೆ ಬಂದರು. ಆಗ ಗೊತ್ತಾದದ್ದು ಇಷ್ಟು. 2018ರ ಮೇ ತಿಂಗಳಲ್ಲಿ ಬೇರೆ ರಾಜ್ಯದಲ್ಲಿ ಒಬ್ಬರ ಕಾರು ಕಳುವಾಗಿತ್ತು. ಕದ್ದವರು ಅದೇ ಮಾಡೆಲಿನ, ಅದೇ ಬಣ್ಣದ ಇನ್ನೊಂದು ಕಾರಿನ ನಂಬರನ್ನು ಎತ್ತಿಕೊಂಡಿದ್ದರು. ಆ ಇನ್ನೊಂದು ಕಾರು ನಿಜವಾಗಿಯೂ ಉಂಟು. ಅದರ ಮಾಲೀಕರು ತೆರಿಗೆ, ಇನ್ಶೂರೆನ್ಸ್ ಎಲ್ಲ ಕಟ್ಟಿಕೊಂಡು ತಮ್ಮ ಪಾಡಿಗೆ ಓಡಿಸುತ್ತಿದ್ದಾರೆ. ಕದ್ದ ಕಾರಿನ ಚಾಸಿ ನಂಬರನ್ನು ಉಜ್ಜಿ ತೆಗೆದು, ಒಳ್ಳೇ ಕಾರಿನ ನಂಬರನ್ನು ಅಲ್ಲಿ ಹೊಡೆದಿದ್ದರು. ಹಾಗಾಗಿ ತಮ್ಮ ಎಸ್‌ಎಂಎಸ್ ಕಳಿಸಿದಾಗ ಬಂದ ಉತ್ತರ ಆ ಒಳ್ಳೇ ಕಾರಿನದ್ದು. ಈಗ ಮೊಬೈಲಿನಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ನೋಡಿದರೂ ಅಷ್ಟೇ. ಕಳುವಾದ ಗಾಡಿ ಹೌದಾ ಅಲ್ವಾ ಅಂತ ತಿಳಿಯಲು ದೇಶದ ಅಪರಾಧಗಳ ದಾಖಲೆ ಇಡುವ ಎನ್‌ಸಿಆರ್‌ಬಿಯವರ ವಾಹನ ಸಮನ್ವಯ ಅಂತ ಒಂದು ವ್ಯವಸ್ಥೆ ಉಂಟು, ಒಳ್ಳೇದೇ. ಆದರೆ ಅದರಲ್ಲೂ ನಾವು ಹಾಕುವುದು ಕಾರಿನ ಮೇಲೆ ಕಂಡ ನಂಬರನ್ನೇ ತಾನೆ? ಸುಳ್ಳು ನಂಬರ್ ಹಾಕಿದರೆ ಕಳುವಿನ ಲೆಕ್ಕ ಹೇಗೆ ಸಿಗುತ್ತದೆ?

ನಿಜವಾದ ನಂಬರ್ ಸಿಕ್ಕಿದ್ದು ಲ್ಯಾಬಿನಲ್ಲಿ. ತಜ್ಞರು ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಬ್ಬಿಣದ ಮೇಲೆ ನಂಬರ್ ಒತ್ತಿ ಹೊಡೆದಾಗ ಮೇಲೆ ಕಾಣುವ ಗುರುತಿನ ಜೊತೆ ಅದರ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದಂತೆ. ಮೇಲಿನದ್ದನ್ನು ಉಜ್ಜಿ ತೆಗೆದರೂ ಕೆಳಗಿನ ಒತ್ತು ಹೋಗುವುದಿಲ್ಲ. ಆ್ಯಸಿಡ್ ಇರುವ ದ್ರಾವಣ ಹಚ್ಚಿದರೆ ಆ ಜಾಗ ಬೇರೆ ಥರ ಸವೆದು ಹಳೇ ನಂಬರ್ ಮಸುಕಾಗಿ ಏಳುತ್ತದೆ. ಹಾಗೆ ಎದ್ದ ನಂಬರಿನ ಫೋಟೋ ತೆಗೆದು ವರದಿ ಕೊಟ್ಟಿದ್ದೇನೆ ಅಂತ ಅವರು ಹೇಳಿದರು. ತುಂಬ ತಿಳಿದವರು, ಸ್ಪಷ್ಟವಾಗಿ ಹೇಳಿದರು. ನಮ್ಮ ವಕೀಲರು ಒಂದೇ ಪ್ರಶ್ನೆ ಕೇಳಿದರು, "ಬರಿಗಣ್ಣಿಗೆ ಕಾಣುತ್ತಿತ್ತಾ?" ಅವರು ಇಲ್ಲ ಅಂದರು.

ನಾನು ಅವತ್ತು ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಇನ್ನು ಹೆದರಬೇಡಿ, ಮುಗಿಯಿತು ಅಂತ.

ಮುಗಿಯಲಿಲ್ಲ. 2024ರ ಮಾರ್ಚಿನಲ್ಲಿ ತೀರ್ಪು ಬಂತು. ಕಳ್ಳತನದ ಸೆಕ್ಷನ್ 379ರಿಂದ ತಮ್ಮನನ್ನು ಬಿಟ್ಟರು. ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಅವನು ಕಾರು ಕದ್ದಿದ್ದಾನೆ ಅಂತ ಯಾವ ಕೋರ್ಟೂ ಹೇಳಿಲ್ಲ. ಶಿಕ್ಷೆ ಆದದ್ದು 411ರಲ್ಲಿ, ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡ ಅನ್ನುವುದಕ್ಕೆ. ಎರಡು ವರ್ಷ ಸಜೆ, ಜೊತೆಗೆ ದಂಡ. (ಈಗ ಹೊಸ ಕಾನೂನು ಬಂದಿದೆ, 2024ರ ಜುಲೈ 1ರಿಂದ ಇದೇ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್. ತಮ್ಮನದ್ದು ಹಳೇ ಕೇಸಾದ ಕಾರಣ ಐಪಿಸಿ.)

411ರಲ್ಲಿ ಏನು ಬರೆದಿದೆ ಅಂತ ನಾನೇ ಓದಿಸಿ ತಿಳಿದುಕೊಂಡೆ. ಮಾಲು ಕದ್ದದ್ದಾಗಿದ್ದರೆ ಸಾಲದು. ಕದ್ದದ್ದು ಅಂತ ಅವನಿಗೆ ತಿಳಿದಿರಬೇಕು, ಇಲ್ಲವೇ ಹಾಗೆ ನಂಬಲು ಸಾಕಷ್ಟು ಕಾರಣ ಇರಬೇಕು. ಅದಾದ ಮೇಲೂ ಅಪ್ರಾಮಾಣಿಕವಾಗಿ ಇಟ್ಟುಕೊಂಡಿರಬೇಕು. ಇದನ್ನು ತೋರಿಸಬೇಕಾದವರು ಕೇಸು ಹಾಕಿದವರು. 1954ರಲ್ಲಿ ವರದಿಯಾದ ತ್ರಿಂಬಕ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ, 2022ರ ಶಿವಕುಮಾರ್ ಪ್ರಕರಣದಲ್ಲಿ ಮತ್ತೆ ಹೇಳಿ ಆರೋಪಿಯನ್ನು ಬಿಟ್ಟಿದೆ. ಹಾಗಾದರೆ ನನ್ನ ತಮ್ಮನಿಗೆ ಗೊತ್ತಿತ್ತು ಅನ್ನಲು ಏನಿತ್ತು?

ಒಂದನೆಯದು ಟಾರ್ಪಲ್.

ಪೊಲೀಸರು ಬಂದಾಗ ಕಾರು ಮನೆ ಎದುರಿನ ಜಾಗದಲ್ಲಿ ಇತ್ತು, ಮೇಲೆ ನೀಲಿ ಟಾರ್ಪಲ್ ಹಾಕಿತ್ತು. ಮಹಜರಿನಲ್ಲಿ "ಟಾರ್ಪಾಲಿನ್ ಹೊದಿಸಿ ಮರೆಮಾಚಿ ಇಟ್ಟಿದ್ದ ಕಾರು" ಅಂತ ಬರೆದರು. ಮಂಗಳೂರಿನವರೇ, ನೀವೇ ಹೇಳಿ. ಆಟಿ ತಿಂಗಳ ಮಳೆಯಲ್ಲಿ, ಶೆಡ್ ಇಲ್ಲದ ಮನೆಯಲ್ಲಿ, ಗಾಡಿಗೆ ಟಾರ್ಪಲ್ ಹಾಕದವರು ಯಾರು? ಸೌದೆಗೆ ಹಾಕುತ್ತೇವೆ, ತೆಂಗಿನಕಾಯಿ ರಾಶಿಗೆ ಹಾಕುತ್ತೇವೆ, ಅಂಗಳಕ್ಕೆ ಅಡಿಕೆ ಸೋಗೆ ಬದಲು ಈಗ ಅದನ್ನೇ ಕಟ್ಟುತ್ತೇವೆ. ಕಾರಿನ ಹಿಂದಿನ ಗಾಜಿನ ರಬ್ಬರ್ ಹೋಗಿ ನೀರು ಒಳಗೆ ಬರುತ್ತಿತ್ತು, ಅದಕ್ಕೆ ಹಾಕಿದ್ದು. ಅದೇ ಕಾರಿನಲ್ಲಿ ಐದು ತಿಂಗಳು ಹಗಲು ಹೊತ್ತಿನಲ್ಲಿ ಹಂಪನಕಟ್ಟೆ, ಜ್ಯೋತಿ, ಬಿಜೈ ಎಲ್ಲ ಕಡೆ ಕೆಲಸಕ್ಕೆ ಹೋಗಿದ್ದಾನೆ. ಅಮ್ಮನನ್ನು ಕಟೀಲಿಗೆ ಕರೆದುಕೊಂಡು ಹೋಗಿದ್ದಾನೆ. ಬಚ್ಚಿಡುವವನು ಹೀಗೆ ತಿರುಗುತ್ತಾನಾ? ಮಹಜರಿಗೆ ಸಹಿ ಹಾಕಿದ ಪಂಚರಲ್ಲಿ ಒಬ್ಬರು ಕೋರ್ಟಿನಲ್ಲಿ, ನಾನು ಸ್ಥಳಕ್ಕೆ ಹೋಗಿಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿದ್ದು ಅಂದರು.

ಎರಡನೆಯದು ಬೆಲೆ. ಮಾರ್ಕೆಟ್ಟಿಗಿಂತ ಕಮ್ಮಿಗೆ ತಗೊಂಡಿದ್ದಾನೆ ಅಂತ. ಮೂರೂವರೆ ಹೇಳಿದ್ದನ್ನು ಚೌಕಾಸಿ ಮಾಡಿ ಮೂರಕ್ಕೆ ಇಳಿಸಿದ್ದು ಹೌದು. ಟಯರ್ ಸವೆದಿತ್ತು, ಎಸಿ ಕೆಟ್ಟಿತ್ತು. ಎಸಿ ಮೆಕ್ಯಾನಿಕ್ ಆದವನು ಅದನ್ನು ತೋರಿಸಿ ರೇಟು ಇಳಿಸದೆ ಇರುತ್ತಾನಾ?

ಮೂರನೆಯದು ಆರ್‌ಸಿ ಹೆಸರು ಬದಲಾವಣೆ. ಇದರಲ್ಲಿ ಅವನ ತಪ್ಪು ಉಂಟು, ಮುಚ್ಚಿಡುವುದಿಲ್ಲ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಅವನು ಐದು ತಿಂಗಳು ಬಿಟ್ಟ. ಹಳೇ ಸಾಲದ ಎಚ್‌ಪಿ (ಸಾಲಕ್ಕಾಗಿ ಆರ್‌ಸಿಯಲ್ಲಿ ಹಾಕಿದ ಗುರುತು) ಕ್ಯಾನ್ಸಲ್ ಆಗಬೇಕು, ಆ ಕಾಗದ ಬರಲಿ, ಇವತ್ತು ತರುತ್ತೇನೆ ನಾಳೆ ತರುತ್ತೇನೆ ಅಂತ ಬ್ರೋಕರ್ ಹೇಳುತ್ತಾ ಬಂದ. ಇವನು ಕೇಳುತ್ತಾ ಬಂದ. ಇದಕ್ಕೆ ದಂಡ ಹಾಕಿ, ಕಟ್ಟುತ್ತೇವೆ. ಆದರೆ ನಮ್ಮೂರಿನಲ್ಲಿ ಆರ್‌ಸಿ ಬದಲಾಯಿಸದೆ ವರ್ಷಗಟ್ಟಲೆ ಓಡುವ ಗಾಡಿ ನಿಮ್ಮ ಬೀದಿಯಲ್ಲೂ ಒಂದಿರಬಹುದು. ಉದಾಸೀನ ಮಾಡಿದವನಿಗೂ ಕದ್ದ ಮಾಲು ಅಂತ ಗೊತ್ತಿದ್ದವನಿಗೂ ವ್ಯತ್ಯಾಸ ಇಲ್ವಾ?

ಇನ್ನೊಂದು ಮಾತು ಬರುತ್ತದೆ. ಕಳುವಾದ ಸ್ವಲ್ಪ ಸಮಯದಲ್ಲೇ ಮಾಲು ಯಾರ ಕೈಯಲ್ಲಿ ಸಿಗುತ್ತದೋ, ಅವನು ಸರಿಯಾದ ಕಾರಣ ಹೇಳದಿದ್ದರೆ ಅವನೇ ಕಳ್ಳ ಅಥವಾ ಗೊತ್ತಿದ್ದು ಇಟ್ಟುಕೊಂಡವನು ಅಂತ ಕೋರ್ಟು ಊಹೆ ಮಾಡಬಹುದು. ಹಳೇ ಸಾಕ್ಷ್ಯ ಕಾಯ್ದೆಯ 114ನೇ ಸೆಕ್ಷನ್ನಿನಲ್ಲಿ ಇದು ಒಂದು ಉದಾಹರಣೆಯಾಗಿಯೇ ಇತ್ತು. ಸರಿ, ಆದರೆ ಸ್ವಲ್ಪ ಸಮಯ ಅಂದರೆ ಎಷ್ಟು? ಇಲ್ಲಿ ಕಾರು ಕಳುವಾಗಿ ಪೊಲೀಸರಿಗೆ ಸಿಗುವಾಗ ಹದಿನಾಲ್ಕು ತಿಂಗಳು ಕಳೆದಿತ್ತು. ಒಂಬತ್ತು ತಿಂಗಳು ಅದು ಎಲ್ಲಿತ್ತು, ಯಾರ ಕೈಯಲ್ಲಿತ್ತು, ಯಾರು ನಂಬರ್ ಹೊಡೆದರು ಅಂತ ಹೇಳಬೇಕಾದವನು ಆ ಬ್ರೋಕರ್. ಅವನೇ ಒಂದನೇ ಆರೋಪಿ. ಜಾಮೀನು ತಗೊಂಡು ಹೋದವನು ಮತ್ತೆ ಬರಲಿಲ್ಲ. ವಾರಂಟ್ ಮೇಲೆ ವಾರಂಟ್ ಹೋಯಿತು, ಸಿಗಲಿಲ್ಲ ಅಂತ ಅವನ ಕೇಸನ್ನು ಬೇರೆ ಮಾಡಿದರು. ಓಡಿಹೋದವನ ಫೈಲು ಒಂದು ಕಡೆ ಇಟ್ಟರು. ಐದು ವರ್ಷ ಒಂದು ವಾಯಿದೆಯನ್ನೂ ತಪ್ಪಿಸದೆ, ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಕೈ ಕಟ್ಟಿ ನಿಂತವನಿಗೆ ಶಿಕ್ಷೆ ಆಯಿತು. ಇದನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಕಾರಿನ ನಿಜವಾದ ಮಾಲೀಕರ ಮೇಲೆ ನಮಗೆ ಸಿಟ್ಟಿಲ್ಲ. ಅವರು ದೂರದಿಂದ ರೈಲಿನಲ್ಲಿ ಬಂದು ಸಾಕ್ಷಿ ಹೇಳಿದರು. ಈ ಹುಡುಗನನ್ನು ನಾನು ನೋಡಿಯೇ ಇಲ್ಲ ಅಂದರು. ಹೊರಗೆ ವರಾಂಡದಲ್ಲಿ ತಮ್ಮ ಅವರಿಗೆ ನೀರಿನ ಬಾಟಲಿ ಕೊಟ್ಟ, ಅವರು ತಗೊಂಡರು. ಕಾರು ಹೋದ ನೋವು ಅವರಿಗೂ ಉಂಟು, ದುಡ್ಡು ಹೋದ ನೋವು ನಮಗೂ ಉಂಟು. ಇನ್ಶೂರೆನ್ಸಿನವರು ಅವರಿಗೆ ದುಡ್ಡು ಕೊಟ್ಟ ಮೇಲೆ ಆ ಕಾರನ್ನು ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಮುದ್ದೆಮಾಲು, ಅಂದರೆ ಕೇಸಿನಲ್ಲಿ ವಶಪಡಿಸಿದ ವಸ್ತು ಅಂತ ಸ್ಟೇಷನ್ನಿನ ಹಿಂದೆ ನಿಂತಿದೆ. ಗಾಡಿಗಳನ್ನು ಹೀಗೆ ವರ್ಷಗಟ್ಟಲೆ ಸ್ಟೇಷನ್ನಿನಲ್ಲಿ ಕೊಳೆಯಲು ಬಿಡಬಾರದು, ಫೋಟೋ, ಪಂಚನಾಮೆ ಮಾಡಿ ಬೇಗ ಬಿಡಬೇಕು ಅಂತ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಡಲ ಗಾಳಿಗೆ, ನಮ್ಮ ಮಳೆಗೆ ಕಬ್ಬಿಣ ಎಷ್ಟು ದಿನ ತಾಳುತ್ತದೆ? ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನೆ. ಬಾನೆಟ್ ಮೇಲೆ ಬಳ್ಳಿ ಹಬ್ಬಿದೆ. ಟಾರ್ಪಲ್ ಇಲ್ಲ.

ಈಗ ಅಪೀಲಿನ ವಿಷಯ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ಒಳ್ಳೇದಿತ್ತು, ಆದ್ದರಿಂದ ನಿಮಗೆ ಹೇಳುತ್ತೇನೆ, ಯಾರ ಮನೆಗಾದರೂ ಬೇಕಾಗಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆ ಆದರೆ ಎಲ್ಲ ಮುಗಿದ ಹಾಗೆ ಅಲ್ಲ. ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು 30 ದಿನ ಇರುತ್ತದೆ. ಜೈಲು ಶಿಕ್ಷೆ ಆದವರಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಶಿಕ್ಷೆ ಮೂರು ವರ್ಷದೊಳಗೆ ಇದ್ದು, ಆರೋಪಿ ಅದುವರೆಗೆ ಜಾಮೀನಿನಲ್ಲಿ ಇದ್ದರೆ, ಅಪೀಲು ಹಾಕುತ್ತೇನೆ ಅಂತ ಹೇಳಿದಾಗ ಅದೇ ಕೋರ್ಟು ಸ್ವಲ್ಪ ದಿನದ ಮಟ್ಟಿಗೆ ಜಾಮೀನಿನಲ್ಲಿ ಬಿಡುತ್ತದೆ. ಆಮೇಲೆ ಸೆಷನ್ಸ್ ಕೋರ್ಟು ಅಪೀಲು ಮುಗಿಯುವ ತನಕ ಶಿಕ್ಷೆಯನ್ನು ತಡೆಹಿಡಿಯಬಹುದು. ಇದೆಲ್ಲ ನಮಗೆ ಗೊತ್ತಿರಲಿಲ್ಲ. ತೀರ್ಪಿನ ದಿನ ಮಧ್ಯಾಹ್ನ ನಾನು ಶ್ಯೂರಿಟಿಗೆ ಪಹಣಿ ಇರುವವರನ್ನು ಹುಡುಕಿಕೊಂಡು ಮೂರು ಮನೆಗೆ ಹೋದೆ. ಎರಡು ಮನೆಯವರು ಬಾಗಿಲಲ್ಲೇ ಮಾತಾಡಿ ಕಳಿಸಿದರು. ಮೂರನೆಯವರು ಏನೂ ಕೇಳದೆ ಚಪ್ಪಲಿ ಹಾಕಿ ಹೊರಟರು. ಅವರ ಋಣ ನಾನು ಸಾಯುವ ತನಕ ಮರೆಯುವುದಿಲ್ಲ. ಸಂಜೆ ಅವರು ಸಹಿ ಹಾಕುವುದು ಇನ್ನು ಅರ್ಧ ಗಂಟೆ ತಡವಾಗಿದ್ದರೆ ತಮ್ಮ ಅವತ್ತು ಕೊಡಿಯಾಲ್‌ಬೈಲಿನ ಜೈಲಿನಲ್ಲಿ ಮಲಗಬೇಕಿತ್ತು.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ, ಆದಾಯ ಮಿತಿಯೊಳಗೆ ಇರುವವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ, ಅಪೀಲಿಗೂ ಕೊಡುತ್ತಾರೆ. ಫೋನ್ ನಂಬರ್ 15100.

ಅಪೀಲು ಅಂದರೆ ಮೇಲಿನವರು ಕೆಳಗಿನವರ ಕಾಗದಕ್ಕೆ ಮುದ್ರೆ ಒತ್ತುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಸೆಷನ್ಸ್ ನ್ಯಾಯಾಧೀಶರು ಸಾಕ್ಷಿಗಳ ಹೇಳಿಕೆಯನ್ನೆಲ್ಲ ಮೊದಲಿನಿಂದ ಓದಿ, ಸ್ವತಃ ತೂಗಿ ನೋಡಬೇಕು. ಲ್ಯಾಬಿನ ತಜ್ಞರು ಹೇಳಿದ ಆ "ಇಲ್ಲ" ಅನ್ನುವ ಉತ್ತರವನ್ನೂ ಓದಬೇಕು. ಅಗತ್ಯ ಅನ್ನಿಸಿದರೆ ಹೊಸ ಸಾಕ್ಷ್ಯವನ್ನೂ ತಗೊಳ್ಳಬಹುದು, ಹಳೇ ಸಿಆರ್‌ಪಿಸಿಯಲ್ಲಿ 391 ಅಂತ ಸೆಕ್ಷನ್. ನಮಗೆ ಅದು ಬೇಕು. ಯಾಕೆಂದರೆ ಬ್ರೋಕರನ ಖಾತೆಗೆ 1,80,000 ಹೋದ ಬ್ಯಾಂಕ್ ಸ್ಟೇಟ್‌ಮೆಂಟು ವಿಚಾರಣೆಯಲ್ಲಿ ನಿಶಾನೆ ಆಗಲೇ ಇಲ್ಲ, ಅಂದರೆ ಕೋರ್ಟು ಅದನ್ನು ಸಾಕ್ಷ್ಯವಾಗಿ ತಗೊಳ್ಳಲೇ ಇಲ್ಲ. ಬ್ಯಾಂಕಿನವರ ಸರ್ಟಿಫಿಕೇಟ್ ಇಲ್ಲದ ಜೆರಾಕ್ಸ್ ಅಂತ ಅದು ಹೊರಗೇ ಉಳಿಯಿತು. ಕದ್ದ ಮಾಲು ಅಂತ ಗೊತ್ತಿದ್ದವನು ತನ್ನ ಹೆಸರು, ತಾರೀಕು, ಮೊತ್ತ ಎಲ್ಲ ಬ್ಯಾಂಕಿನ ಪುಸ್ತಕದಲ್ಲಿ ಉಳಿಯುವ ಹಾಗೆ ದುಡ್ಡು ಕಳಿಸುತ್ತಾನಾ? ತೀರ್ಪು ಬಂದ ರಾತ್ರಿ ತಮ್ಮ, "ನಾನು ಕಾನತ್ತೂರಿಗೆ ಹೋಗಿ ದೈವದ ಎದುರು ಪ್ರಮಾಣ ಮಾಡ್ತೇನೆ ಅಕ್ಕಾ, ಆಮೇಲಾದರೂ ನಂಬುತ್ತಾರಾ?" ಅಂತ ಕೇಳಿದ. ಹೋಗುವಾ ಮಗಾ, ಮೊದಲು ಬ್ಯಾಂಕಿಗೆ ಹೋಗಿ ಆ ಸರ್ಟಿಫಿಕೇಟ್ ತರುವಾ ಅಂದೆ. ತಂದಿದ್ದೇವೆ. ಅರ್ಜಿ ಹಾಕಿದ್ದೇವೆ.

ಅಪೀಲು ಹಾಕಿ ವರ್ಷ ದಾಟಿತು. ಕೆಳಗಿನ ಕೋರ್ಟಿನ ಕಡತ ಬರಲು ಕೆಲವು ತಿಂಗಳು ಹೋಯಿತು. ಆಮೇಲೆ ಒಂದು ಸಲ ಸರ್ಕಾರಿ ವಕೀಲರಿಗೆ ಸಮಯ ಬೇಕಾಯಿತು, ಒಂದು ಸಲ ನಮ್ಮ ವಕೀಲರಿಗೆ ಹುಷಾರಿರಲಿಲ್ಲ. ನಮ್ಮ ಕೇಸಿನ ಹಾಗೆಯೇ ಎಷ್ಟೋ ಕೇಸುಗಳಿವೆ, ನಮ್ಮದನ್ನೇ ಮೊದಲು ತೆಗೆಯಿರಿ ಅಂತ ಹೇಳುವುದಿಲ್ಲ. ಆದರೆ ಕಾಯುವ ಈ ದಿನಗಳಲ್ಲಿ ಏನಾಗುತ್ತದೆ ಅಂತ ತಿಳಿದಿರಲಿ. ತಡೆಹಿಡಿದದ್ದು ಶಿಕ್ಷೆಯನ್ನು ಮಾತ್ರ, ದೋಷಿ ಅನ್ನುವ ಮಾತು ಹಾಗೇ ಉಂಟು. ತಮ್ಮನಿಗೆ ಮಸ್ಕತ್‌ನಲ್ಲಿ ಒಂದು ಕೆಲಸ ಸಿಕ್ಕಿತ್ತು. ಕ್ರಿಮಿನಲ್ ಕೇಸು ಇರುವವರಿಗೆ, ಎರಡು ವರ್ಷ ಶಿಕ್ಷೆ ಆದವರಿಗೆ ಪಾಸ್‌ಪೋರ್ಟ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶ ಇದೆ, ಪೊಲೀಸ್ ಕ್ಲಿಯರೆನ್ಸ್ ಅಂತೂ ದೂರದ ಮಾತು. ಆ ಕೆಲಸ ಹೋಯಿತು. ಇಲ್ಲಿ ಅಪಾರ್ಟ್‌ಮೆಂಟುಗಳಿಗೆ ಸರ್ವಿಸಿಗೆ ಹೋದರೆ ಗೇಟಿನಲ್ಲಿ ನಿಲ್ಲಿಸುತ್ತಾರೆ. ಮನೆತನದ ದೈವದ ನೇಮದಲ್ಲಿ ಹದಿನೈದು ವರ್ಷದಿಂದ ದೀವಟಿಗೆ ಹಿಡಿಯುತ್ತಿದ್ದವನಿಗೆ, ಈ ಸಲ ಬೇಡ ಮಾರಾಯ, ಕೇಸು ಮುಗಿಯಲಿ ಅಂತ ಹಿರಿಯರು ಹೇಳಿದರು. ಅವನು ತಲೆಯಾಡಿಸಿ ಹಿಂದೆ ಹೋಗಿ ನಿಂತ. ಅಮ್ಮ ಆ ದಿನದಿಂದ ನೇಮದ ಸುದ್ದಿ ಎತ್ತಿಲ್ಲ.

ಸೆಷನ್ಸ್‌ನಲ್ಲಿ ಏನಾದರೂ ಸೋತರೆ ಮುಂದಿನದು ಹೈಕೋರ್ಟ್, ಅಂದರೆ ಬೆಂಗಳೂರು. ಧಾರವಾಡದಲ್ಲಿ, ಕಲಬುರಗಿಯಲ್ಲಿ ಪೀಠ ಉಂಟು. ಕರಾವಳಿಯವರು ಮಂಗಳೂರಿಗೂ ಒಂದು ಪೀಠ ಕೊಡಿ ಅಂತ ಕೇಳುತ್ತಾ ಇದ್ದಾರೆ. ಮೊದಲು ಅದು ವಕೀಲರ ವಿಷಯ ಅಂತ ಅಂದುಕೊಂಡಿದ್ದೆ. ಶಿರಾಡಿ ಘಾಟಿ ಹತ್ತಿ ಸುಮಾರು 350 ಕಿಲೋಮೀಟರ್ ಹೋಗಿ, ವಾಯಿದೆ ಮುಂದೆ ಹೋಯಿತು ಅಂತ ಕೇಳಿ ವಾಪಸ್ ಬರುವವರು ನಮ್ಮಂಥವರು ಅಂತ ಈಗ ಗೊತ್ತಾಗಿದೆ.

ಸಾರಿಗೆ ಇಲಾಖೆಯವರೇ, ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹಳೇ ಗಾಡಿ ಕೊಳ್ಳುವ ಮೊದಲೇ ಅದನ್ನು ಆರ್‌ಟಿಒಗೆ ತಂದು, ಫೀಸು ಕಟ್ಟಿ, ಮೋಟಾರು ವಾಹನ ನಿರೀಕ್ಷಕರಿಂದ ಚಾಸಿ, ಇಂಜಿನ್ ನಂಬರ್ ತಪಾಸಣೆ ಮಾಡಿಸಿ ಒಂದು ಕಾಗದ ಪಡೆಯುವ ಹಾಗೆ ಮಾಡಿ. ನಂಬರ್ ಹೊಡೆದದ್ದು ಕಂಪನಿಯಾ, ಕಳ್ಳನಾ ಅಂತ ದಿನಾ ಗಾಡಿ ನೋಡುವ ಕಣ್ಣಿಗೆ ಸಂಶಯವಾದರೂ ಬರಬಹುದು. ಎಸಿ ರಿಪೇರಿ ಮಾಡುವವನಿಗೆ, ಮೀನು ಮಾರುವವರಿಗೆ, ನನಗೆ ಅದು ಬರುವುದಿಲ್ಲ. ಹಳೇ ಗಾಡಿ ವ್ಯಾಪಾರ ಮಾಡುವ ಡೀಲರುಗಳು ಅಧಿಕೃತ ಪತ್ರ ಪಡೆಯಬೇಕು ಅಂತ 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮ ಬಂದಿದೆ. ಒಳ್ಳೇ ನಿಯಮ. ಹಾಗೆ ಪತ್ರ ಪಡೆದವರು ನಮ್ಮ ಜಿಲ್ಲೆಯಲ್ಲಿ, ಉಡುಪಿಯಲ್ಲಿ ಯಾರು ಯಾರು ಅಂತ ಆರ್‌ಟಿಒ ಗೋಡೆಯ ಮೇಲೆ ಕನ್ನಡದಲ್ಲಿ ಪಟ್ಟಿ ಹಾಕಿ. ಎಚ್‌ಎಸ್‌ಆರ್‌ಪಿ ಅನ್ನುವ ಸುಭದ್ರ ನಂಬರ್ ಪ್ಲೇಟಿನ ಮೇಲೆ ಲೇಸರ್‌ನಲ್ಲಿ ಕೆತ್ತಿದ ಒಂದು ನಂಬರ್ ಇರುತ್ತದೆ, ಅದು ಆ ಗಾಡಿಗೇ ಸೇರಿದ್ದು. ಅದನ್ನು ಹೇಗೆ ತಾಳೆ ನೋಡುವುದು ಅಂತ ಜನರಿಗೆ ಹೇಳಿಕೊಡಿ. ಪ್ಲೇಟ್ ಹಾಕಿಸಲು ಎಷ್ಟು ಸಲ ಕೊನೇ ದಿನಾಂಕ ಹೇಳಿದಿರಿ, ಅದು ಯಾಕೆ ಬೇಕು ಅಂತ ಒಂದು ಸಲ ಸರಿಯಾಗಿ ಹೇಳಿದ್ದರೆ ಜನ ಓಡಿ ಬಂದು ಹಾಕಿಸುತ್ತಿದ್ದರು.

ಪೊಲೀಸ್ ಇಲಾಖೆಯವರೇ, ನೀವು ಕಷ್ಟಪಟ್ಟು ಕಳುವಾದ ಗಾಡಿ ಹುಡುಕುತ್ತೀರಿ, ನನಗೆ ಗೊತ್ತು. ಆದರೆ ಹಿಡಿದ ದಿನವೇ ಮುಖಕ್ಕೆ ಬಟ್ಟೆ ಹಾಕಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಬೇಡಿ. ನಮ್ಮ ಬೀದಿಯವರಿಗೆ ಅವನ ಚಪ್ಪಲಿ ನೋಡಿಯೇ ಗುರುತು ಸಿಕ್ಕಿತು. ಕೊಂಡವನನ್ನು ಹಿಡಿದಾಗ, ಅವನು ದುಡ್ಡು ಕೊಟ್ಟದ್ದಕ್ಕೆ ಏನು ದಾಖಲೆ ಇದೆ ಅಂತಲೂ ವಿಚಾರಿಸಿ, ಬ್ಯಾಂಕಿನಿಂದ ನೀವೇ ತರಿಸಿ ಫೈಲಿನಲ್ಲಿ ಇಡಿ. ಅದು ಅವನ ಪರವಾಗಿ ಇದ್ದರೂ ಇಡಿ. ಆ ಬ್ರೋಕರನನ್ನು ಹುಡುಕಿ. ಆರು ವರ್ಷವಾಯಿತು.

ಸುದ್ದಿ ಬರೆಯುವವರಿಗೆ, ವಾಟ್ಸಾಪಿನಲ್ಲಿ ಹಂಚಿದವರಿಗೆ ಹೇಳುವುದಿಷ್ಟು. "ಅಂತರರಾಜ್ಯ ಕಾರು ಕಳ್ಳನ ಬಂಧನ" ಅಂತ ಆವತ್ತು ಹಾಕಿದ್ದು ಇನ್ನೂ ಮೊಬೈಲಿನಲ್ಲಿ ಸಿಗುತ್ತದೆ. 379ರಿಂದ ಅವನನ್ನು ಬಿಟ್ಟದ್ದನ್ನು ಯಾರೂ ಹಾಕಲಿಲ್ಲ. ಈಗಲಾದರೂ ಅದರ ಕೆಳಗೆ ಒಂದು ಸಾಲು ಸೇರಿಸಿ.

ಮತ್ತೆ ನಮ್ಮ ಊರಿನವರಿಗೆ. ಮುಂದಿನ ತಿಂಗಳು ಅಪೀಲಿನ ವಾದಕ್ಕೆ ದಿನ ಕೊಟ್ಟಿದ್ದಾರೆ. ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಹಿಂದೆ ಕೂತು ಕೇಳಬಹುದು, ನನಗೂ ಇದು ಇತ್ತೀಚೆಗೆ ಗೊತ್ತಾದದ್ದು. ಬನ್ನಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ದೂರ ಇಲ್ಲ. ಟಾರ್ಪಲಿನ ವಿಷಯ, ಆ್ಯಸಿಡಿನ ವಿಷಯ, ಬ್ಯಾಂಕಿನ ಕಾಗದದ ವಿಷಯ ಎರಡೂ ಕಡೆಯವರು ಹೇಳುವುದನ್ನು ಕೇಳಿ. ಅಲ್ಲಿಯ ತನಕ ನನ್ನ ತಮ್ಮನನ್ನು ಅವನ ಹೆಸರಿನಿಂದ ಕರೆಯಿರಿ.

ಇಂತಿ,
ಒಬ್ಬ ಅಕ್ಕ
ಕಾವೂರು, ಮಂಗಳೂರು